ಉಗಿಬಂಡಿ ಬಾರದ ಊರಿನ ಉಗಿಬಂಡಿ

ಉಡುಪಿಗೆ ರೈಲು ಬಂದದ್ದು 1993ರಲ್ಲಿ. ಮಂಗಳೂರಿನಿಂದ ಉಡುಪಿಯ ಇಂದ್ರಾಳಿಯವರೆಗೆ ಕೊಂಕಣ ರೈಲ್ವೆಯ ಹಳಿ ತೆರೆದುಕೊಂಡಾಗ ಅದರ ಮೇಲೆ ಓಡಿದ್ದು ಡೀಸೆಲ್ ಎಂಜಿನ್. 2022ರಲ್ಲಿ ಇಡೀ ಮಾರ್ಗಕ್ಕೆ ವಿದ್ಯುತ್ ತಂತಿ ಬಂದು, ಆ ಡೀಸೆಲ್ಲೂ ಹಿಂದೆ ಸರಿಯತೊಡಗಿತು. ಮಂಗಳೂರಿನವರು 1907ರಿಂದಲೇ ಕಲ್ಲಿದ್ದಲ ಹೊಗೆ ಕುಡಿದವರು. ಉಡುಪಿ, ಮಣಿಪಾಲ, ಕಾಪುವಿನವರಿಗೆ ಆ ಭಾಗ್ಯ ಸಿಗಲಿಲ್ಲ. ಕಾರ್ಕಳಕ್ಕಂತೂ ಇವತ್ತಿಗೂ ರೈಲೇ ಇಲ್ಲ. ಅಂದಮೇಲೆ ಇಲ್ಲಿ ಯಾರಾದರೂ ಹಿತ್ತಿಲಲ್ಲಿ ಕುಳಿತು, ನಿಜವಾದ ನೀರು ನಿಜವಾದ ಬೆಂಕಿಯಲ್ಲಿ ಓಡುವ ಪುಟ್ಟ ಉಗಿಬಂಡಿ ಕಟ್ಟಲು ಹೊರಟರೆ ಅದಕ್ಕೆ ಬಾಲ್ಯದ ನೆನಪು ಕಾರಣ ಎನ್ನುವ ಹಾಗಿಲ್ಲ. ನನ್ನ ಲೆಕ್ಕದಲ್ಲಿ ಈ ಹುಚ್ಚಿನ ಬೇರನ್ನು ಎರಕದವರ ಮೂಸೆಯಲ್ಲಿ ಹುಡುಕಬೇಕು.

ಈ ಹವ್ಯಾಸದ ಹುಟ್ಟೂರು ಇಂಗ್ಲೆಂಡ್. 1898ರಲ್ಲಿ ಪರ್ಸಿವಲ್ ಮಾರ್ಷಲ್ ಅಲ್ಲಿ ‘ಮಾಡೆಲ್ ಎಂಜಿನಿಯರ್’ ಪತ್ರಿಕೆ ಶುರುಮಾಡಿದರು. ಆಗ ಪುಟ್ಟ ಎಂಜಿನ್ನಿಗೆ ಸ್ಪಿರಿಟ್ ದೀಪವೇ ಗತಿ, ಅಷ್ಟು ಚಿಕ್ಕ ಒಲೆಯಲ್ಲಿ ಕಲ್ಲಿದ್ದಲು ಉರಿಯದು ಎಂಬ ನಂಬಿಕೆ ಬಲವಾಗಿತ್ತು. 1920ರ ದಶಕದಲ್ಲಿ ಅದನ್ನು ಮುರಿದವರು ‘ಎಲ್‌ಬಿಎಸ್‌ಸಿ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಲಾರೆನ್ಸ್. ತಾವು ಹಿಂದೆ ದುಡಿದಿದ್ದ ರೈಲ್ವೆ ಕಂಪನಿಯ ಮೊದಲಕ್ಷರಗಳನ್ನೇ ಅವರು ಕಾವ್ಯನಾಮ ಮಾಡಿಕೊಂಡಿದ್ದರು. ಹಳಿಗಳ ನಡುವೆ ಬರೀ ಎರಡೂವರೆ ಇಂಚು ಅಂತರ. ಅದರ ಮೇಲೆ ಅವರ ‘ಅಯೇಷಾ’ ಎಂಬ ಎಂಜಿನ್ ಕಲ್ಲಿದ್ದಲು ತಿಂದು, ಬೆಳೆದ ಮನುಷ್ಯನನ್ನು ಎಳೆದುಕೊಂಡು ಹೋಯಿತು. ಆಮೇಲೆ ಅವರು ದಶಕಗಳ ಕಾಲ ಮನೆಯಲ್ಲೇ ಲೇತ್ ಇಟ್ಟುಕೊಂಡವರಿಗಾಗಿ, ಯಾವ ರಂಧ್ರ ಮೊದಲು ಕೊರೆಯಬೇಕೆಂಬುದನ್ನೂ ಬಿಡದೆ ಬರೆದರು. ಓದುಗ ನಕ್ಷೆ ಇಟ್ಟುಕೊಂಡು ಕುಳಿತರೆ ಸಾಕು; ಚಕ್ರ, ಸಿಲಿಂಡರುಗಳ ಒರಟು ಎರಕಗಳು ಅಂಗಡಿಯಿಂದ ಅಂಚೆಯಲ್ಲಿ ಬರುತ್ತಿದ್ದವು.

ನಮ್ಮಲ್ಲಿ ತೊಡಕು ಹುಟ್ಟುವುದು ಇಲ್ಲೇ. ಲೇತ್ ಸಿಗುತ್ತದೆ, ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ 1941ರಿಂದ ಲೇತುಗಳನ್ನು ಕೊಟ್ಟ ರಾಜ್ಯ ಇದು. ಆದರೆ ಕಬ್ಬಿಣದ ಎರಕವನ್ನು ಇಂಗ್ಲೆಂಡಿನಿಂದ ತರಿಸಿದರೆ ವಸ್ತುವಿಗಿಂತ ಸಾಗಣೆ, ಸುಂಕಗಳೇ ಭಾರ. ಅಷ್ಟು ಕೊಟ್ಟು ತರಿಸಿದರೂ ಅದು ಇಂಗ್ಲಿಷ್ ಎಂಜಿನ್ನಿನ ಚಕ್ರ. 1947ರಿಂದ ಭಾರತದ ಬ್ರಾಡ್‌ಗೇಜ್ ಮೇಲೆ ಮೇಲ್, ಎಕ್ಸ್‌ಪ್ರೆಸ್ ಎಳೆದ, ಗುಂಡು ಮೂತಿಯ ಡಬ್ಲ್ಯುಪಿ ಎಂಜಿನ್ ಬೇಕೆಂದರೆ ಆ ಅಂಗಡಿಯ ಪಟ್ಟಿ ಪ್ರಯೋಜನಕ್ಕೆ ಬಾರದು. ಹೀಗೆ ರೈಲು ಕಟ್ಟಲು ಹೊರಟವರು ದಾರಿಯಲ್ಲಿ ಎರಕದವರೂ ಆಗಬೇಕಾಗುತ್ತದೆ. ಇದನ್ನು ಅಡ್ಡಿ ಎನ್ನುವವರೇ ಹೆಚ್ಚು. ನನಗೆ ಇಡೀ ಹವ್ಯಾಸದ ಸ್ವಾರಸ್ಯವೇ ಇದು.

ಲೆಕ್ಕ ಹಾಕಿ ನೋಡಿ. ನಮ್ಮ ಬ್ರಾಡ್‌ಗೇಜ್ 1,676 ಮಿ.ಮೀ. ಅದನ್ನು ಐದಿಂಚಿನ ಹಳಿಗೆ ಇಳಿಸಿದರೆ ಸುಮಾರು 13ರಲ್ಲಿ ಒಂದು ಪಾಲು. ಡಬ್ಲ್ಯುಪಿಯ 67 ಇಂಚಿನ ಚಾಲಕ ಚಕ್ರ ಐದಿಂಚಿಗೆ ಬರುತ್ತದೆ. ಟೆಂಡರೂ ಸೇರಿ 170 ಟನ್ನಿನ ಆ ದೈತ್ಯ 75 ಕಿಲೋ ಆಸುಪಾಸಿಗೆ ಇಳಿಯುತ್ತದೆ. ಉದ್ದ 13 ಪಟ್ಟು ಕುಗ್ಗಿದಾಗ ಮೇಲ್ಮೈ ಸುಮಾರು 170 ಪಟ್ಟು, ಗಾತ್ರ 2,300 ಪಟ್ಟು ಕುಗ್ಗುತ್ತದೆ. ಅಂದರೆ ಒಳಗಿರುವ ನೀರಿಗೆ ಹೋಲಿಸಿದರೆ ತಣಿಯುವ ಮೈಯೇ ಜಾಸ್ತಿ. ಸಿಲಿಂಡರಿಗೆ ಹೋದ ಉಗಿ ಕೆಲಸ ಮಾಡುವ ಮೊದಲೇ ನೀರಾಗಲು ಹವಣಿಸುತ್ತದೆ. ಬಾಯ್ಲರಿನ ಕೊಳವೆಗಳನ್ನು ಅದೇ ಅನುಪಾತದಲ್ಲಿ ಸಣ್ಣದು ಮಾಡಿದರೆ ಮಸಿ ಕಟ್ಟಿಕೊಂಡು ಉಸಿರೇ ನಿಲ್ಲುತ್ತದೆ. ಆದ್ದರಿಂದ ಅವು ಎಣಿಕೆಯಲ್ಲಿ ಕಡಿಮೆ, ಗಾತ್ರದಲ್ಲಿ ದಪ್ಪ. ಹೊರಗಿನಿಂದ ಪಡಿಯಚ್ಚು, ಒಳಗೆ ಬೇರೆಯೇ ಯಂತ್ರ.

ಇನ್ನು ಎರಕಕ್ಕೆ ಬರೋಣ. ಲೋಹ ಕರಗಿಸುವುದು ಈ ಕರಾವಳಿಗೆ ಹೊಸ ವಿದ್ಯೆಯಲ್ಲ. ಕಾರ್ಕಳದ ಪಕ್ಕದ ಮೂಡುಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಆಳೆತ್ತರ ಮೀರಿದ ಪಂಚಲೋಹದ ಚಂದ್ರನಾಥ ನಿಂತಿದ್ದಾನೆ. ಗುತ್ತು, ಬೀಡು ಮನೆತನಗಳ ಭಂಡಾರಗಳಲ್ಲಿ ಪಂಜುರ್ಲಿ ದೈವದ ಹಂದಿಮೊಗ, ಗಂಟೆ, ದೀಪಗಳಿವೆ. ಮೇಣದಲ್ಲಿ ರೂಪ ತಿದ್ದಿ, ಮಣ್ಣು ಮೆತ್ತಿ, ಒಣಗಿಸಿ, ಕಾಯಿಸಿ ಮೇಣ ಇಳಿಸಿ, ಆ ಪೊಳ್ಳಿಗೆ ಕರಗಿದ ಲೋಹ ಹೊಯ್ಯುವ ಕ್ರಮ ಅವುಗಳದು. ಕಾರ್ಕಳದ ಮಿಯಾರಿನಲ್ಲಿ 1997ರಲ್ಲಿ ಶುರುವಾದ ಸಿ.ಇ. ಕಾಮತ್ ಕುಶಲಕರ್ಮಿಗಳ ತರಬೇತಿ ಸಂಸ್ಥೆಯಲ್ಲಿ ಕಲ್ಲು, ಮರದ ಜೊತೆಗೆ ಲೋಹಶಿಲ್ಪವನ್ನೂ ಕಲಿಸುತ್ತಾ ಬಂದಿದ್ದಾರೆ. (ಕಾರ್ಕಳ ತಾಲ್ಲೂಕಿನ ಬೈಲೂರಿನ ಗುಡ್ಡದ ಮೇಲೆ 2023ರಲ್ಲಿ ಉದ್ಘಾಟನೆಯಾದ ಪರಶುರಾಮನ ಪ್ರತಿಮೆ ನಿಜಕ್ಕೂ ಪೂರ್ತಿ ಕಂಚೇ ಎಂಬ ಪ್ರಶ್ನೆ ನ್ಯಾಯಾಲಯದವರೆಗೆ ಹೋಯಿತು. ಕಂಚಿನ ಬಗ್ಗೆ ತಲೆಕೆಡಿಸಿಕೊಳ್ಳುವ ತಾಲ್ಲೂಕು ಇದು.)

ಮೇಣದ ಎರಕದಲ್ಲಿ ಅಚ್ಚು ಒಡೆದರೇ ಮೂರ್ತಿ. ಒಂದು ಮೊಗ ಇನ್ನೊಂದರ ಹಾಗೆ ಇರಬೇಕಿಲ್ಲ. ಡಬ್ಲ್ಯುಪಿಗೆ ಆರು ಚಾಲಕ ಚಕ್ರ, ಆರೂ ಒಂದೇ ತೆರ ಇರಬೇಕು. ಅಲ್ಲಿಗೆ ಒಂದೇ ಮರದ ಪ್ಯಾಟರ್ನನ್ನು ಮತ್ತೆ ಮತ್ತೆ ಒತ್ತಿ ಮಾಡುವ ಮರಳಿನ ಅಚ್ಚೇ ಸರಿ. ಈ ಎರಡನೆಯ ಜಾಣ್ಮೆ, ಉಗಿಯ ಜೊತೆಗೇ, ಕಾರ್ಖಾನೆಗಳ ಹಾದಿಯಲ್ಲಿ ಬಂತು. 1865ರಲ್ಲಿ ಜಾರ್ಜ್ ಪ್ಲೆಬ್‌ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಶನ್ನಿನ ಹೆಂಚಿನ ಕಾರ್ಖಾನೆ ಕಟ್ಟಿದರು. ಎತ್ತುಗಳು ಮಣ್ಣು ಅರೆಯುತ್ತಿದ್ದ ಜಾಗಕ್ಕೆ ಕ್ರಮೇಣ ಉಗಿಯಂತ್ರ ಬಂತು. 1886ರಲ್ಲಿ ಮಲ್ಪೆಯಲ್ಲೂ ಮಿಶನ್ನಿನ ಹೆಂಚಿನ ಕಾರ್ಖಾನೆ ಎದ್ದಿತು. ಮಿಶನ್ನಿನ ಮಂಗಳೂರು ವರ್ಕ್‌ಶಾಪಿನಲ್ಲಿ ಊರಿನ ಹುಡುಗರು ಅರ ಹಿಡಿಯಲು, ಅಚ್ಚು ಮಾಡಲು ಕಲಿತರು. ಈಗ ಮಣಿಪಾಲ, ನಿಟ್ಟೆಯ ಎಂಜಿನಿಯರಿಂಗ್ ಕಾಲೇಜುಗಳಿರುವ ನಾಡಿನಲ್ಲಿ ಫೌಂಡ್ರಿ ಎಂಬ ಮಾತು ಮಕ್ಕಳಿಗೆ ಗೊತ್ತು. ಕೈಗೆ ಕಪ್ಪು ಹತ್ತಿಸಿಕೊಳ್ಳುವವರು ಎಷ್ಟು ಎಂಬುದು ಬೇರೆ ಮಾತು.

ಹಿತ್ತಿಲ ಫೌಂಡ್ರಿಗೆ ಬೇಕಾದದ್ದು ಇಲ್ಲಿ ಕಾಲಡಿಯಲ್ಲೇ ಇದೆ. ಪ್ಯಾಟರ್ನ್ ಕೆತ್ತಲು ಹಲಸಿನ ಮರ. ತಣಿದಾಗ ಲೋಹ ಕುಗ್ಗುವುದರಿಂದ ಬೀಡು ಕಬ್ಬಿಣಕ್ಕೆ ನೂರಕ್ಕೆ ಒಂದು, ಗನ್‌ಮೆಟಲ್ ಎಂಬ ಕಂಚಿಗೆ ಒಂದೂವರೆಯಷ್ಟು ದೊಡ್ಡದಾಗಿ ಕೆತ್ತಬೇಕು. ಮರಳಿನಿಂದ ಸಲೀಸಾಗಿ ಕಳಚಿಕೊಳ್ಳುವಂತೆ ಬದಿಗಳನ್ನು ಚೂರು ಓರೆ ಮಾಡಬೇಕು. ಕುಲುಮೆಗೆ ತೆಂಗಿನ ಗೆರಟೆಯ ಇದ್ದಿಲು ಮತ್ತು ಗಾಳಿ ಊದುವ ಒಂದು ಬ್ಲೋವರ್. ಲೋಹಕ್ಕೆ ಗುಜರಿ ಅಂಗಡಿ: ಹಳೆಯ ನಲ್ಲಿ, ಪಂಪಿನ ಭಾಗ, ಮಲ್ಪೆ ಬಂದರಿನ ಬೋಟುಗಳಿಂದ ಬಿಚ್ಚಿದ ಪ್ರೊಪೆಲ್ಲರ್. ಹಿತ್ತಾಳೆಯ ಸತು ಬಿಳಿ ಹೊಗೆಯಾಗಿ ಏಳುತ್ತದೆ; ಅದನ್ನು ಸೇದಿದವರಿಗೆ ಸಂಜೆಗೆ ಚಳಿಜ್ವರ. ಅಲ್ಯುಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಅಭ್ಯಾಸಕ್ಕೆ ಅದೇ ಒಳ್ಳೆಯದು. ಬೀಡು 1,150 ದಾಟಬೇಕು. ಅದರ ಗೋಜು ಬೇಡವೆಂದು ಪ್ಯಾಟರ್ನನ್ನು ಫೌಂಡ್ರಿಗೆ ಕೊಟ್ಟು ಚಕ್ರ ಹೊಯ್ಯಿಸಿಕೊಂಡರೆ ಅದರಲ್ಲಿ ಅವಮಾನವೇನೂ ಇಲ್ಲ.

ಮರಳಿನಲ್ಲಿ ಕೆಲಸ ಕಡುಸೂಕ್ಷ್ಮ. ಜೇಡಿ ಬೆರೆತ ಮರಳಿಗೆ ಬೇಕಾದ ನೀರು ನೂರಕ್ಕೆ ಮೂರೋ ನಾಲ್ಕೋ ಪಾಲು. ಮುಷ್ಟಿಯಲ್ಲಿ ಹಿಸುಕಿದರೆ ಗಟ್ಟಿ ನಿಲ್ಲಬೇಕು, ಮುರಿದರೆ ಅಂಚು ಚೂಪಾಗಿರಬೇಕು. ನೀರು ಹೆಚ್ಚಾದರೆ ಉಗಿ ಏಳುತ್ತದೆ, ನೀರಿನ ಸುಮಾರು 1,600 ಪಟ್ಟು ಜಾಗ ಬೇಡುತ್ತದೆ, ಸಾವಿರ ಡಿಗ್ರಿಯ ಲೋಹವನ್ನು ಮೇಲಕ್ಕೆ ಉಗುಳುತ್ತದೆ. ಸಿಲಿಂಡರಿನಲ್ಲಿ ಪಿಸ್ಟನ್ ತಳ್ಳಲಿ ಎಂದು ಯಾವ ಹಿಗ್ಗುವಿಕೆಯನ್ನು ನೆಚ್ಚಿಕೊಂಡಿರುತ್ತೇವೋ, ಆ ಸಿಲಿಂಡರನ್ನು ಹೊಯ್ಯುವಾಗ ಪ್ರಾಣಕ್ಕೆ ಎರವಾಗುವುದೂ ಅದೇ. ವರ್ಷಕ್ಕೆ 4,000 ಮಿ.ಮೀ. ಮೀರಿ ಮಳೆ ಸುರಿಯುವ ಜಿಲ್ಲೆಯಲ್ಲಿ ಇದು ಪುಸ್ತಕದ ಎಚ್ಚರಿಕೆಯಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆಲ, ಗೋಡೆ, ಗಾಳಿ ಎಲ್ಲವೂ ತೇವ. ಮೂಸೆಗೂ ತೇವ ಏರುತ್ತದೆ. ಬೇಸಿಗೆಯಲ್ಲೇ ಹೊಯ್ದಿಟ್ಟು, ಮಳೆಗಾಲದಲ್ಲಿ ಒಳಗೆ ಕುಳಿತು ಲೇತಿನಲ್ಲಿ ತಿರುವುವುದು ಜಾಣತನ.

ಬಾಯ್ಲರಿಗೆ ಎರಕ ನಡೆಯದು. ಅದು ತಾಮ್ರದ ತಗಡು, ತಾಮ್ರದ ಕೊಳವೆ, ಬೆಳ್ಳಿ ಬೆಸುಗೆ. ಐದಿಂಚಿನ ಹಳಿಯ ಎಂಜಿನ್ನಿನಲ್ಲಿ ಹಿಡಿಯುವುದು ಕೆಲವೇ ಲೀಟರ್ ನೀರು. 1923ರ ಬಾಯ್ಲರ್ ಕಾಯ್ದೆ 2007ರಲ್ಲಿ ತಿದ್ದುಪಡಿಯಾದ ಮೇಲೆ 25 ಲೀಟರಿಗಿಂತ ಚಿಕ್ಕ ಪಾತ್ರೆಗಳ ಗೊಡವೆಗೇ ಹೋಗಲಿಲ್ಲ. ಇನ್‌ಸ್ಪೆಕ್ಟರ್ ಬರುವುದಿಲ್ಲ ಎಂದು ಖುಷಿಪಡುವ ವಿಷಯವಲ್ಲ ಇದು. ಇಂಗ್ಲೆಂಡಿನ ಹವ್ಯಾಸಿಗಳ ಕ್ಲಬ್ಬುಗಳು ತಾವೇ ಹಾಕಿಕೊಂಡ ಕಟ್ಟಳೆಯನ್ನು ಇಲ್ಲಿಯೂ ಪಾಲಿಸಬೇಕು: ಹೊಸ ಬಾಯ್ಲರಿಗೆ ಗಾಳಿ ಒಂದಿಷ್ಟೂ ಉಳಿಯದಂತೆ ತಣ್ಣೀರು ತುಂಬಿ, ಓಡಿಸುವಾಗಿನ ಎರಡರಷ್ಟು ಒತ್ತಡ ಏರಿಸಿ ನಿಲ್ಲಿಸುವುದು. ಚದರ ಇಂಚಿಗೆ 80 ಪೌಂಡ್ ಒತ್ತಡದಲ್ಲಿ ಓಡಿಸುವ ಬಾಯ್ಲರ್ 160ಕ್ಕೆ ನಿಲ್ಲಬೇಕು. ಬೆಸುಗೆ ಬಿಟ್ಟರೆ ನೀರು ಜಿನುಗುತ್ತದೆ, ಅಷ್ಟೆ. ಉಗಿಯ ಹಾಗೆ ಸಿಡಿಯುವುದಿಲ್ಲ. ಸೇಫ್ಟಿ ವಾಲ್ವು ಸರಿಯಾದ ಒತ್ತಡಕ್ಕೆ ತೆರೆದುಕೊಳ್ಳುತ್ತದೆಯೇ ಎಂದು ಬೇರೆಯಾಗಿ ನೋಡಬೇಕು. ಕಟ್ಟಿದವರೇ ಈ ಪರೀಕ್ಷೆ ಮಾಡಿಕೊಳ್ಳಬಾರದು, ಬಾಯ್ಲರ್ ಬಲ್ಲ ಇನ್ನೊಬ್ಬರ ಕೈಗೆ ಗೇಜ್ ಕೊಡಬೇಕು.