ಬಯಲುಸೀಮೆಯ ಕಾರಿಗೆ ಯಾವ ಎಂಜಿನ್ ಆಯಿಲ್?

ಎಂಜಿನ್ ಆಯಿಲ್‌ಗೆ ಜಾರಿಕೆ ಕೊಡುವುದೊಂದೇ ಕೆಲಸವಲ್ಲ. ತಿರುಗುವ, ಉಜ್ಜುವ ಲೋಹದ ಭಾಗಗಳ ನಡುವೆ ತೆಳುವಾದ ಪದರವಾಗಿ ನಿಂತು ಅದು ಸವೆತ ತಡೆಯುತ್ತದೆ. ಕೂಲಂಟ್ ತಲುಪದ ಪಿಸ್ಟನ್, ಬೇರಿಂಗ್‌ಗಳ ಬಿಸಿಯನ್ನು ಹೊತ್ತು ಕೆಳಗಿನ ಸಂಪ್‌ಗೆ ತರುತ್ತದೆ. ಇಂಧನ ಉರಿದಾಗ ಹುಟ್ಟುವ ಮಸಿ ಗಂಟುಕಟ್ಟದಂತೆ ತನ್ನಲ್ಲೇ ತೇಲಿಸಿಕೊಳ್ಳುತ್ತದೆ, ಆಮ್ಲದ ಕಟುವನ್ನು ಮುರಿಯುತ್ತದೆ, ಪಿಸ್ಟನ್ ರಿಂಗ್ ಮತ್ತು ಸಿಲಿಂಡರ್ ಗೋಡೆಯ ನಡುವಿನ ಸಂದು ಮುಚ್ಚುತ್ತದೆ. ಚಿಂತಾಮಣಿ ತಾಲ್ಲೂಕಿನ ಕೈವಾರದಂಥ ಊರಿನ ಕಾರಿಗೆ ಆಯಿಲ್ ಆರಿಸುವಾಗ ನೋಡಬೇಕಾದ್ದು ಮುಖ್ಯವಾಗಿ ಮೂರು: ಡಬ್ಬದ ಮೇಲಿನ ಗ್ರೇಡ್, ಗುಣಮಟ್ಟದ ಅಕ್ಷರಗಳು, ಗಾಡಿ ಓಡುವ ರೀತಿ.

ಗ್ರೇಡ್ ಹೇಳುವುದೇನು?

5ಡಬ್ಲ್ಯು-30, 15ಡಬ್ಲ್ಯು-40 ಎಂಬ ಗ್ರೇಡ್‌ಗಳು ಆಯಿಲ್‌ನ ಸ್ನಿಗ್ಧತೆಯನ್ನು, ಅಂದರೆ ಅದು ಎಷ್ಟು ಗಟ್ಟಿ ಅಥವಾ ತೆಳು ಎಂಬುದನ್ನು ಹೇಳುತ್ತವೆ. ಅಮೆರಿಕದಲ್ಲಿ 1905ರಲ್ಲಿ ಸ್ಥಾಪನೆಯಾದ ಎಸ್‌ಎಇ ಎಂಬ ಎಂಜಿನಿಯರುಗಳ ಸಂಸ್ಥೆ ರೂಪಿಸಿದ ಜೆ300 ಮಾನದಂಡ ಇವಕ್ಕೆ ಆಧಾರ. ಡಬ್ಲ್ಯು ಅಕ್ಷರ ಚಳಿಗಾಲವನ್ನು ಸೂಚಿಸುತ್ತದೆ. ಅದರ ಹಿಂದಿನ ಅಂಕಿ ಕಡಿಮೆಯಾದಷ್ಟೂ ಆಯಿಲ್ ಚಳಿಯಲ್ಲಿ ಸುಲಭವಾಗಿ ಹರಿಯುತ್ತದೆ. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆಗಲು ಬೇಕಾದ ಹರಿವನ್ನು 5ಡಬ್ಲ್ಯು ಆಯಿಲ್‌ಗೆ ಮೈನಸ್ 30 ಡಿಗ್ರಿಯಲ್ಲಿ, 15ಡಬ್ಲ್ಯುಗೆ ಮೈನಸ್ 20 ಡಿಗ್ರಿಯಲ್ಲಿ ಪರೀಕ್ಷಿಸುತ್ತಾರೆ. ಕೊನೆಯ ಅಂಕಿ ಕಾದ ಎಂಜಿನ್‌ಗೆ ಸಂಬಂಧಿಸಿದ್ದು. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 30ರ ಆಯಿಲ್‌ನ ಸ್ನಿಗ್ಧತೆ 9.3ರಿಂದ 12.5 ಸೆಂಟಿಸ್ಟೋಕ್ಸ್ ನಡುವೆಯೂ 40ರದ್ದು 12.5ರಿಂದ 16.3ರ ನಡುವೆಯೂ ಇರಬೇಕು.

ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ಡಿಸೆಂಬರ್, ಜನವರಿಯ ಬೆಳಗಿನ ಜಾವವೂ ಸೊನ್ನೆ ಡಿಗ್ರಿಯ ಹತ್ತಿರ ಸುಳಿಯುವುದಿಲ್ಲ. 15ಡಬ್ಲ್ಯು, 20ಡಬ್ಲ್ಯು ಆಯಿಲ್ ಹಾಕಿದ ಗಾಡಿಯೂ ಇಲ್ಲಿ ಸ್ಟಾರ್ಟ್ ಆಗುತ್ತದೆ. ಆದರೆ ಬೆಳಗಿನ 15 ಡಿಗ್ರಿಯಲ್ಲಿ ಯಾವ ಆಯಿಲ್ ಆದರೂ ಕಾದಾಗ ಇರುವುದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಗಟ್ಟಿಯಾಗಿರುತ್ತದೆ. ಡಬ್ಲ್ಯು ಅಂಕಿ ಕಡಿಮೆ ಇದ್ದರೆ ಅದು ಎಂಜಿನ್‌ನ ತಲೆಭಾಗಕ್ಕೆ ಬೇಗ ಏರುತ್ತದೆ, ಪೆಟ್ರೋಲೂ ಸ್ವಲ್ಪ ಉಳಿಯುತ್ತದೆ. ಹಿಮ ಬೀಳದ ನಾಡಿನ ಕಾರಿಗೂ ಕಂಪನಿಗಳು 0ಡಬ್ಲ್ಯು, 5ಡಬ್ಲ್ಯು ಹೇಳುವುದು ಇದಕ್ಕಾಗಿ.

ಗಟ್ಟಿ ಎಂದರೆ ಗಟ್ಟಿಮುಟ್ಟೇ?

ಬಿಸಿಲಿನ ಊರು, ಗಟ್ಟಿ ಆಯಿಲ್ ಹಾಕಿದರೆ ಎಂಜಿನ್‌ಗೆ ಒಳ್ಳೆಯದು ಎಂಬ ಮಾತು ಗ್ಯಾರೇಜುಗಳಲ್ಲಿ ಇನ್ನೂ ಚಾಲ್ತಿಯಲ್ಲಿದೆ. 20ಡಬ್ಲ್ಯು-40 ಸರ್ವೇಸಾಮಾನ್ಯವಾಗಿದ್ದ ಹಳೆಯ ಕಾರುಗಳ ಕಾಲದ ಅನುಭವ ಅದರ ಹಿಂದಿದೆ. ಆದರೆ ಹೊರಗೆ 20 ಡಿಗ್ರಿ ಇರಲಿ, 38 ಇರಲಿ, ಕಾದ ಎಂಜಿನ್‌ನೊಳಗಿನ ಶಾಖವನ್ನು ಥರ್ಮೋಸ್ಟಾಟ್, ರೇಡಿಯೇಟರ್ ಮತ್ತು ಫ್ಯಾನ್ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಇಡುತ್ತವೆ. ಹೀಗಾಗಿ ಕೊನೆಯ ಅಂಕಿಯನ್ನು ನಿರ್ಧರಿಸುವುದು ಊರಿನ ಬಿಸಿಲಿಗಿಂತ ಹೆಚ್ಚಾಗಿ ಎಂಜಿನ್‌ನ ವಿನ್ಯಾಸ: ಬೇರಿಂಗ್‌ಗಳಲ್ಲಿ ಬಿಟ್ಟಿರುವ ಸಂದು, ಆಯಿಲ್ ಪಂಪಿನ ಶಕ್ತಿ, ಆಯಿಲ್ ಹಾಯುವ ಕಿಂಡಿಗಳ ಅಳತೆ. ಈಚಿನ ಬಹುತೇಕ ಪೆಟ್ರೋಲ್ ಎಂಜಿನ್‌ಗಳಲ್ಲಿ ವಾಲ್ವ್ ತೆರೆಯುವ ಸಮಯವನ್ನು ಹಿಂದುಮುಂದು ಮಾಡುವ ವ್ಯವಸ್ಥೆಯೂ ಆಯಿಲ್ ಒತ್ತಡದಿಂದಲೇ ನಡೆಯುತ್ತದೆ. 0ಡಬ್ಲ್ಯು-16ಕ್ಕೆಂದು ರೂಪಿಸಿದ ಎಂಜಿನ್‌ಗೆ 20ಡಬ್ಲ್ಯು-40 ಸುರಿದರೆ ಮೈಲೇಜ್ ಇಳಿಯುತ್ತದೆ, ಸ್ಟಾರ್ಟ್ ಆದ ಮೊದಲ ಕ್ಷಣಗಳಲ್ಲಿ ಮೇಲ್ಭಾಗಕ್ಕೆ ಆಯಿಲ್ ತಡವಾಗಿ ಮುಟ್ಟುತ್ತದೆ.

ತದ್ವಿರುದ್ಧವೂ ಅಷ್ಟೇ ತಪ್ಪು. 15ಡಬ್ಲ್ಯು-40 ಕೇಳುವ ಹಳೆಯ ಡೀಸೆಲ್ ಜೀಪಿಗೆ ತೀರಾ ತೆಳು ಆಯಿಲ್ ಹಾಕಿದರೆ ಭಾರ ಬಿದ್ದಾಗ ಪದರ ಹರಿದು ಲೋಹಕ್ಕೆ ಲೋಹ ತಾಗುತ್ತದೆ. ಹಲವು ಕಂಪನಿಗಳ ಕೈಪಿಡಿಗಳಲ್ಲಿ ಉಷ್ಣಾಂಶಕ್ಕೆ ತಕ್ಕಂತೆ ಎರಡು ಮೂರು ಗ್ರೇಡ್‌ಗಳ ಪಟ್ಟಿ ಇರುತ್ತದೆ. ಲಕ್ಷಾಂತರ ಕಿಲೋಮೀಟರ್ ಓಡಿ ಆಯಿಲ್ ಕುಡಿಯತೊಡಗಿದ ಎಂಜಿನ್‌ಗೆ ಆ ಪಟ್ಟಿಯೊಳಗಿನ ಗಟ್ಟಿ ಗ್ರೇಡ್‌ಗೆ ಹೋಗಬಹುದು. ಪಟ್ಟಿ ದಾಟಬಾರದು.

ಎಸ್ ಪೆಟ್ರೋಲ್‌ಗೆ, ಸಿ ಡೀಸೆಲ್‌ಗೆ

ಸ್ನಿಗ್ಧತೆ ಒಂದೇ ಇದ್ದರೂ ಎರಡು ಆಯಿಲ್‌ಗಳ ಗುಣ ಬೇರೆಯಿರಬಹುದು. ಅದನ್ನು ತಿಳಿಸುವುದು ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್‌ನ, ಅಂದರೆ ಎಪಿಐನ ಅಕ್ಷರಗಳು. ಎಸ್ ಅಕ್ಷರದಿಂದ ಶುರುವಾಗುವುದು ಪೆಟ್ರೋಲ್ ಎಂಜಿನ್‌ಗೆ, ಸಿ ಅಕ್ಷರದ್ದು ಡೀಸೆಲ್‌ಗೆ. ಪೆಟ್ರೋಲ್ ಸಾಲಿನಲ್ಲಿ ಎರಡನೆಯ ಅಕ್ಷರ ಮುಂದೆ ಹೋದಷ್ಟೂ ಆಯಿಲ್ ಹೊಸ ಮಾನದಂಡದ್ದು: ಎಸ್‌ಎನ್ ಬಂದದ್ದು 2010ರಲ್ಲಿ, ಎಸ್‌ಪಿ 2020ರಲ್ಲಿ. ಸಾಮಾನ್ಯವಾಗಿ ಹೊಸದು ಹಳೆಯದರ ಜಾಗದಲ್ಲಿ ನಡೆಯುತ್ತದೆ, ಹಳೆಯದು ಹೊಸದರ ಜಾಗದಲ್ಲಿ ನಡೆಯುವುದಿಲ್ಲ. ಟರ್ಬೊ ಇರುವ ಸಣ್ಣ ಪೆಟ್ರೋಲ್ ಎಂಜಿನ್‌ಗಳಲ್ಲಿ ನಿಧಾನ ವೇಗದಲ್ಲಿ ಭಾರ ಬಿದ್ದಾಗ ಪೆಟ್ರೋಲ್ ಹೊತ್ತಿಗೆ ಮುಂಚೆಯೇ ಉರಿದು ಪಿಸ್ಟನ್ ಒಡೆಯುವ ಅಪಾಯವಿದೆ. ಅದನ್ನು ತಡೆಯುವ ಪರೀಕ್ಷೆ ಎಸ್‌ಪಿಯಲ್ಲಿ ಸೇರಿದೆ. ಅಂಥ ಕಾರಿಗೆ ಹಳೆಯ ಅಕ್ಷರದ ಅಗ್ಗದ ಆಯಿಲ್ ಹಾಕುವುದು ಉಳಿತಾಯವಲ್ಲ.

ಡೀಸೆಲ್ ಕಾರಿಗೆ ಇನ್ನೊಂದು ಎಚ್ಚರ ಬೇಕು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಸೋಸುಕ ಬಂದಿದೆ. ಆಯಿಲ್‌ನಲ್ಲಿರುವ ಲೋಹದ ರಾಸಾಯನಿಕಗಳು ಉರಿದು ಬೂದಿಯಾಗಿ ಅದರಲ್ಲಿ ಕಟ್ಟಿಕೊಳ್ಳುತ್ತವೆ. ಮಸಿಯನ್ನು ಸುಟ್ಟು ತೆಗೆಯಬಹುದು, ಬೂದಿಯನ್ನು ಹಾಗೆ ತೆಗೆಯಲಾಗದು. ಅದಕ್ಕೇ ಬೂದಿ ಕಡಿಮೆಯಿರುವ, ಯುರೋಪಿನ ಎಸಿಇಎ ಸಂಸ್ಥೆಯ ಸಿ2, ಸಿ3ಯಂಥ ದರ್ಜೆಯ ಆಯಿಲ್‌ಗಳನ್ನು ಕೈಪಿಡಿಗಳು ಕೇಳುತ್ತವೆ. ಫೋಕ್ಸ್‌ವ್ಯಾಗನ್, ಸ್ಕೋಡಾದಂಥ ಕಾರುಗಳಿಗೆ ಕಂಪನಿಯದೇ ಅನುಮೋದನೆಯ ಸಂಖ್ಯೆ ಡಬ್ಬದ ಮೇಲೆ ಇರಬೇಕು.

ಮಿನರಲ್, ಸೆಮಿ ಸಿಂಥೆಟಿಕ್, ಫುಲ್ ಸಿಂಥೆಟಿಕ್ ಎಂಬ ಹೆಸರುಗಳ ಜಾಗ ಇವುಗಳ ಆಮೇಲೆ. ಕಚ್ಚಾ ತೈಲವನ್ನೇ ಹೆಚ್ಚು ಸಂಸ್ಕರಿಸಿ ತೆಗೆದ ಎಣ್ಣೆಯನ್ನೂ ಸಿಂಥೆಟಿಕ್ ಎಂದು ಮಾರುತ್ತಾರೆ. ಶಾಖಕ್ಕೆ ಬೇಗ ಕೆಡದಿರುವುದು, ಚಳಿಯಲ್ಲಿ ಗಟ್ಟಿಯಾಗದಿರುವುದು ಅದರ ಲಾಭ. 0ಡಬ್ಲ್ಯು, 5ಡಬ್ಲ್ಯು ಆಯಿಲ್‌ಗಳು ಬಹುಮಟ್ಟಿಗೆ ಸಿಂಥೆಟಿಕ್ಕೇ ಆಗಿರುವುದರಿಂದ ಗ್ರೇಡ್ ಸರಿಯಾಗಿ ಆರಿಸಿದರೆ ಈ ಪ್ರಶ್ನೆ ಹೆಚ್ಚಾಗಿ ತಾನೇ ಬಗೆಹರಿಯುತ್ತದೆ.

ಗಾಡಿ ಓಡುವ ರೀತಿ

ಆಯಿಲ್ ಯಾವುದು ಎಂಬುದನ್ನು ಕೈಪಿಡಿ ಹೇಳಿದರೆ, ಎಷ್ಟು ಬೇಗ ಬದಲಿಸಬೇಕು ಎಂಬುದನ್ನು ದಾರಿ ಹೇಳುತ್ತದೆ. ಹಲವು ಕಾರುಗಳಿಗೆ ನಿಗದಿಯಾಗಿರುವುದು 10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ದೂಳು, ಭಾರ, ಚಿಕ್ಕ ಓಡಾಟ ಹೆಚ್ಚಿದ್ದರೆ ಇದಕ್ಕಿಂತ ಬೇಗ ಬದಲಿಸಲು ಅದೇ ಕೈಪಿಡಿ ಹೇಳಿರುತ್ತದೆ.

ಕೈವಾರದ ಸುತ್ತಮುತ್ತ ಈ ಮೂರೂ ಉಂಟು. ಬೀದಿಯಿಂದ ಬೀದಿಗೆ, ತೋಟದಿಂದ ಮನೆಗೆ ಓಡಾಡುವ ಕಾರಿನಲ್ಲಿ ಕೂಲಂಟ್ ಕಾದರೂ ಆಯಿಲ್ ಪೂರ್ತಿ ಕಾದಿರುವುದಿಲ್ಲ. ಒಳಗೆ ಸೇರಿದ ನೀರಿನ ಪಸೆ, ಉರಿಯದ ಪೆಟ್ರೋಲ್ ಆವಿಯಾಗದೆ ಉಳಿದು ಕ್ರಮೇಣ ಸ್ಲಡ್ಜ್ ಕಟ್ಟುತ್ತದೆ. ಡಿಪಿಎಫ್ ಇರುವ ಡೀಸೆಲ್ ಕಾರಿನಲ್ಲಿ ಮಸಿ ಸುಡುವ ಕೆಲಸ ಅರ್ಧಕ್ಕೇ ನಿಂತು, ಅದಕ್ಕೆಂದು ಚಿಮ್ಮಿಸಿದ ಡೀಸೆಲ್ ಆಯಿಲ್‌ಗೆ ಇಳಿಯುತ್ತದೆ. ಕಡ್ಡಿಯಲ್ಲಿ ಆಯಿಲ್ ಮಟ್ಟ ತಾನಾಗಿ ಏರಿದ್ದರೆ ಅದು ಸಂತೋಷಪಡುವ ವಿಷಯವಲ್ಲ, ಆಯಿಲ್ ತೆಳುವಾಗಿದೆ ಎಂದರ್ಥ. ಚಿಕ್ಕಬಳ್ಳಾಪುರದ ಬಳಿ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 44ರಂಥ ರಸ್ತೆಯಲ್ಲಿ ಆಗಾಗ ಒಂದೇ ವೇಗದ ದೂರದ ಓಟ ಸಿಕ್ಕಿದರೆ ಸೋಸುಕ ಶುದ್ಧವಾಗುತ್ತದೆ. ಕಲ್ಲು ಕ್ವಾರಿ, ಮಣ್ಣುರಸ್ತೆಗಳ ದೂಳು ಏರ್ ಫಿಲ್ಟರ್ ಕೆಟ್ಟಿದ್ದರೆ ಒಳಹೊಕ್ಕು ಆಯಿಲ್‌ನಲ್ಲಿ ಮರಳಿನ ಕಣವಾಗಿ ಸಿಲಿಂಡರನ್ನು ಕೊರೆಯುತ್ತದೆ. ಚಿಂತಾಮಣಿ ಮಾರುಕಟ್ಟೆಗೆ ಟೊಮೆಟೊ, ಶಿಡ್ಲಘಟ್ಟಕ್ಕೆ ರೇಷ್ಮೆಗೂಡು ಹೊರುವ ಗಾಡಿಗಳಿಗೂ ನಂದಿಬೆಟ್ಟದ ತಿರುವುಗಳನ್ನು ದಿನವೂ ಏರುವ ಟ್ಯಾಕ್ಸಿಗಳಿಗೂ ಬೇಗ ಬದಲಿಸುವ ಇದೇ ಕಟ್ಟುನಿಟ್ಟಿನ ಲೆಕ್ಕ ಅನ್ವಯಿಸುತ್ತದೆ.

ಕೊಳ್ಳುವಾಗ, ಹಾಕುವಾಗ

ಲೂಸ್ ಆಯಿಲ್ ಎಷ್ಟೇ ಅಗ್ಗವಾದರೂ ಅದರ ಗ್ರೇಡ್‌ಗೂ ಅಕ್ಷರಕ್ಕೂ ಆಧಾರವಿರುವುದಿಲ್ಲ. ಸೀಲ್, ಬ್ಯಾಚ್ ಸಂಖ್ಯೆ, ತಯಾರಾದ ತಿಂಗಳು ನೋಡಿ, ಬಿಲ್ ಪಡೆದು ಕೊಳ್ಳಬೇಕು. ಡಬ್ಬವನ್ನು ಕಣ್ಣೆದುರೇ ತೆರೆಸಿ, ಖಾಲಿಯಾದ ಮೇಲೆ ತೂತು ಮಾಡಿದರೆ ಅದು ನಕಲಿ ಆಯಿಲ್ ತುಂಬುವವರ ಕೈಗೆ ಹೋದರೂ ಉಪಯೋಗಕ್ಕೆ ಬಾರದು. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ ಮೂರು, ಮೂರೂವರೆ ಲೀಟರ್ ಹಿಡಿಯುತ್ತದೆ. ಪ್ರತಿ ಸಲ ಆಯಿಲ್ ಫಿಲ್ಟರನ್ನೂ ಬದಲಿಸಬೇಕು. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ ಕೆಲವು ನಿಮಿಷ ಬಿಟ್ಟು ಕಡ್ಡಿ ಎಳೆದು ನೋಡಿದರೆ ಮಟ್ಟ ಎರಡು ಗುರುತುಗಳ ನಡುವೆ ಇರಬೇಕು. ಹೆಚ್ಚು ತುಂಬಿದರೆ ಕ್ರ್ಯಾಂಕ್ ಕಡೆದು ನೊರೆ ಏಳುತ್ತದೆ. ಉಳಿದ ಕಾರಿನ ಆಯಿಲನ್ನು ಬೈಕಿಗೆ ಸುರಿಯಬಾರದು: ಬಹುತೇಕ ಬೈಕುಗಳ ಕ್ಲಚ್ ಆಯಿಲ್‌ನಲ್ಲೇ ಮುಳುಗಿರುತ್ತದೆ, ಕಾರಿನ ತೆಳು ಆಯಿಲ್‌ನಲ್ಲಿರುವ ಘರ್ಷಣೆ ತಗ್ಗಿಸುವ ರಾಸಾಯನಿಕದಿಂದ ಅದು ಜಾರತೊಡಗುತ್ತದೆ. ಬೈಕಿಗೆ ಜಾಸೊ ಎಂಎ ಗುರುತಿನ ಆಯಿಲ್ಲೇ ಬೇಕು.

ತೆಗೆದ ಕಪ್ಪು ಆಯಿಲನ್ನು ಸೆಂಟ್ರಿಂಗ್ ಹಲಗೆಗೆ ಬಳಿಯುವುದು, ಗೆದ್ದಲಿಗೆಂದು ಮರಕ್ಕೆ ಹಚ್ಚುವುದು, ಚರಂಡಿಗೆ ಚೆಲ್ಲುವುದು ಮೂರೂ ರೂಢಿಯಲ್ಲಿವೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಡಿ ಅದು ನೋಂದಾಯಿತ ಮರುಸಂಸ್ಕರಣಾ ಘಟಕಕ್ಕೆ ಹೋಗಬೇಕು. ವರ್ಷವಿಡೀ ಹರಿಯುವ ನದಿಯಿಲ್ಲದೆ ಕೆರೆ, ಬೋರ್‌ವೆಲ್‌ಗಳನ್ನೇ ನಂಬಿದ ಜಿಲ್ಲೆಯಲ್ಲಿ ಹಳೆಯ ಆಯಿಲನ್ನು ಡಬ್ಬಕ್ಕೆ ತುಂಬಿ, ಸಂಗ್ರಹಿಸುವ ಗ್ಯಾರೇಜಿಗೆ ಒಪ್ಪಿಸಿದರೇ ಆಯಿಲ್ ಬದಲಿಸುವ ಕೆಲಸ ಮುಗಿದಂತೆ.