ಕೈತೋಟದಲ್ಲೊಂದು ಮಣ್ಣಿನ ಕಟ್ಟೆ

ಊರಿನ ಮನೆಯ ಹಿರಿಯರಿಗೆ ಜಗಲಿಯೇ ಬಿಸಿಲು ಕಾಯಿಸುವ, ಎಲೆಯಡಿಕೆ ಮೆಲ್ಲುವ, ದಾರಿಹೋಕರನ್ನು ಮಾತನಾಡಿಸುವ ತಾಣ. ಮಕ್ಕಳೊಡನೆ ಮಹಾನಗರಕ್ಕೆ ಬಂದ ಮೇಲೆ ಅವರು ಕೊಠಡಿಯಲ್ಲಿಯೇ ದಿನ ಕಳೆಯುವುದುಂಟು. ನಡಿಗೆ ತಪ್ಪಿದಂತೆ ಕೀಲುಗಳು ಬಿಗಿಯುತ್ತವೆ, ಸ್ನಾಯುಗಳು ಸೊರಗುತ್ತವೆ. ದಣಿವಾರಿಸಿಕೊಳ್ಳಲು ತೋಟದಲ್ಲಿ ಒಂದು ಕಟ್ಟೆಯಿದ್ದರೆ ವೃದ್ಧರು ಧೈರ್ಯದಿಂದ ಹೊರಗೆ ಕಾಲಿಡುತ್ತಾರೆ. ಅಂತಹ ಕಟ್ಟೆಯನ್ನು ಮನೆಯವರೇ ಕೂಡಿ ಮಣ್ಣಿನಿಂದ ಕಟ್ಟಬಹುದು.

ಸ್ಥಳ ಮತ್ತು ಅಳತೆ: ನಾಲ್ಕೈದು ಅಡಿ ಉದ್ದ, ಒಂದೂವರೆ ಅಡಿ ಅಗಲವಿದ್ದರೆ ಇಬ್ಬರು ಕುಳಿತುಕೊಳ್ಳಬಹುದು. ಎತ್ತರವು ಸುಮಾರು 45 ಸೆಂಟಿಮೀಟರ್ ಇರಲಿ. ಇದಕ್ಕಿಂತ ತಗ್ಗಾದರೆ ಏಳುವಾಗ ಮೊಣಕಾಲಿನ ಮೇಲೆ ಭಾರ ಹೆಚ್ಚುತ್ತದೆ. ಇಂತಹ ಕಟ್ಟೆಯ ತೂಕ ಅರ್ಧ ಟನ್ನಿಗೆ ಸಮೀಪವಾಗುವುದರಿಂದ ತಾರಸಿಯ ಮೇಲಾಗಲಿ, ಬಾಲ್ಕನಿಯಲ್ಲಾಗಲಿ ಕಟ್ಟಲಾಗದು. ನೆಲದ ಮೇಲೆಯೇ ಆಗಬೇಕು. ವಸತಿ ಸಂಕೀರ್ಣವಾದರೆ ಸೊಸೈಟಿಯ ಅನುಮತಿ ಮೊದಲು ಪಡೆಯಬೇಕು. ಮಳೆಯ ಎರಚಲು ತಾಗದಂತೆ ಸೂರಿನ ಕೆಳಗಿನ ಸ್ಥಳ ಉತ್ತಮ.

ಮಣ್ಣಿನ ಪರೀಕ್ಷೆ: ಬೇರು, ಕಸ ತುಂಬಿದ ಮೇಲ್ಮಣ್ಣನ್ನು ತೆಗೆದುಹಾಕಿ ಕೆಳಗಿನದನ್ನು ಬಳಸಬೇಕು. ಗಾಜಿನ ಸೀಸೆಯ ಮೂರರಲ್ಲೊಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚಿಟಿಕೆ ಉಪ್ಪು ಬೆರೆಸಿ ಚೆನ್ನಾಗಿ ಕುಲುಕಿ ಒಂದು ದಿನ ಬಿಡಿ. ಮರಳು ತಳದಲ್ಲಿ, ನುಣ್ಪು ಮಣ್ಣು ನಡುವೆ, ಜೇಡಿ ಮೇಲೆ ಪದರವಾಗಿ ನಿಲ್ಲುತ್ತವೆ. ಜೇಡಿಯು 100 ಪಾಲಿನಲ್ಲಿ 15ರಿಂದ 25 ಪಾಲಿದ್ದರೆ ಸಾಕು. ಹೆಚ್ಚಾದರೆ ಒಣಗುವಾಗ ಬಿರುಕು ಬಿಡುತ್ತದೆ, ಮರಳು ಸೇರಿಸಬೇಕು. ಪುಣೆ, ಹೈದರಾಬಾದುಗಳ ಸುತ್ತ ಅಲ್ಲಲ್ಲಿ ಸಿಗುವ ಎರೆಮಣ್ಣು ನೀರು ಕುಡಿದು ಉಬ್ಬಿ, ಒಣಗಿದಾಗ ಕುಗ್ಗುವುದರಿಂದ ಅದು ಬೇಡ.

ಕಟ್ಟುವ ಕ್ರಮ: ಮಳೆಗಾಲ ಮುಗಿದ ಮೇಲೆ ಕೆಲಸ ಆರಂಭಿಸಬೇಕು. ಒಂದಡಿ ಆಳದ ಗುಂಡಿಗೆ ಇಟ್ಟಿಗೆಯ ಚೂರು ತುಂಬಿ ದಮ್ಮಸು ಮಾಡಿ, ನೆಲದಿಂದ ಅರ್ಧ ಅಡಿ ಎತ್ತರಕ್ಕೆ ಕಲ್ಲಿನ ತಳ ಕಟ್ಟಬೇಕು. ನೆಲದ ತೇವ ಮೇಲೇರದಂತೆ ತಡೆಯುವುದು ಇದೇ. ಮಣ್ಣಿಗೆ ಬತ್ತದ ಹುಲ್ಲಿನ ತುಂಡು ಬೆರೆಸಿ, ಹದವಾಗಿ ತುಳಿದು, ಅರ್ಧ ಅಡಿಯಂತೆ ಒಂದೊಂದೇ ವರಸೆ ಏರಿಸಬೇಕು. ಒಂದು ವರಸೆ ಗಟ್ಟಿಯಾದ ಮೇಲೆಯೇ ಮುಂದಿನದು. ಕೆಲವು ವಾರ ಒಣಗಿದ ಬಳಿಕ ಸುಣ್ಣದ ಗಾರೆ ಬಳಿದು, ಮೇಲೆ ತುಸು ಹೊರಚಾಚುವಂತೆ ಕಲಬುರಗಿ ಜಿಲ್ಲೆಯ ಶಹಾಬಾದಿನ ಚಪ್ಪಡಿಯನ್ನು ಹಾಸಬಹುದು. ಸಿಮೆಂಟಿನ ಗಿಲಾವು ಮಾತ್ರ ಬೇಡ. ಅದು ತೇವವನ್ನು ಒಳಗೇ ಹಿಡಿದಿಟ್ಟು ಮಣ್ಣನ್ನು ಮೆದುವಾಗಿಸುತ್ತದೆ.

ಆರೋಗ್ಯದ ಎಚ್ಚರ: ಮಣ್ಣು ತುಳಿಯುವ ಮೊದಲು ಗಾಜು, ಮೊಳೆಗಳನ್ನು ಆರಿಸಬೇಕು. ಮಧುಮೇಹಿಗಳಿಗೆ ಪಾದದ ಸ್ಪರ್ಶಜ್ಞಾನ ಕುಂದಿರಬಹುದಾದುದರಿಂದ ಗಾಯವಾದದ್ದೂ ತಿಳಿಯದು. ಅವರು ಬರಿಗಾಲಿನಲ್ಲಿ ತುಳಿಯಲೇಬಾರದು. ಧನುರ್ವಾತದ ಚುಚ್ಚುಮದ್ದು ಪಡೆದು ಹತ್ತು ವರ್ಷ ಕಳೆದಿದ್ದರೆ ವೈದ್ಯರನ್ನು ಕೇಳುವುದು ಒಳ್ಳೆಯದು. ಸುಣ್ಣವು ಕಣ್ಣನ್ನು ಸುಡಬಲ್ಲದು. ಕನ್ನಡಕ, ಕೈಗವಸು ಧರಿಸಬೇಕು. ಕಣ್ಣಿಗೆ ಬಿದ್ದರೆ ಧಾರಾಳವಾಗಿ ನೀರಿನಿಂದ ತೊಳೆದು ಒಡನೆಯೇ ವೈದ್ಯರಲ್ಲಿಗೆ ಹೋಗಬೇಕು. ನೀರು ನಿಂತ ಗುಂಡಿ, ಬಾನಿಗಳಲ್ಲಿ ಡೆಂಗಿ ಜ್ವರ ಹರಡುವ ಸೊಳ್ಳೆ ಒಂದೆರಡು ವಾರದೊಳಗೆ ಬೆಳೆದು ಹಾರುತ್ತದೆ, ಅವನ್ನು ಬರಿದುಮಾಡಿಡಬೇಕು.

ಪ್ರತಿವರ್ಷ ಮುಂಗಾರಿನ ಮುಂಚೆ ಬಿರುಕುಗಳನ್ನು ಅದೇ ಮಣ್ಣಿನಿಂದ ಮುಚ್ಚಿ ಸುಣ್ಣ ಬಳಿದರೆ ಕಟ್ಟೆ ಬಹುಕಾಲ ಬಾಳುತ್ತದೆ. ಆ ಕೆಲಸಕ್ಕೆ ಮೊಮ್ಮಕ್ಕಳನ್ನೂ ಸೇರಿಸಿಕೊಂಡರೆ, ಜಗಲಿ ಎಂಬ ಮಾತಿನ ಅರ್ಥವನ್ನು ಅವರಿಗೆ ಬೇರೆಯಾಗಿ ವಿವರಿಸಬೇಕಾಗದು.