ಪ್ರತಿಕಾಯ ಕಂಡಿತು, ಲಸಿಕೆ ಎಲ್ಲಿ?

ಪತ್ರಿಕೆಯ ತುಂಡೊಂದನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು ಒಬ್ಬರು ಸಿದ್ಧಕಟ್ಟೆಯ ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಉಳಿದ ರೋಗಿಗಳೆಲ್ಲ ಹೋಗುವವರೆಗೂ ಕಾದು, ಆಮೇಲೆ ಅದನ್ನು ಬಿಡಿಸಿ ಮೇಜಿನ ಮೇಲಿಟ್ಟರು. ಎಚ್‌ಐವಿ ಲಸಿಕೆಯನ್ನು ಪ್ರಾಣಿಗಳಿಗೆ ಚುಚ್ಚಿದಾಗ ಪ್ರತಿಕಾಯಗಳು ಕಂಡುಬಂದವೆಂಬ ಸುದ್ದಿ ಅದರಲ್ಲಿತ್ತು. "ಡಾಕ್ಟ್ರೇ, ಲಸಿಕೆ ಬಂತಂತಲ್ಲ, ಇನ್ನು ಈ ಮಾತ್ರೆ ನಿಲ್ಲಿಸಬಹುದಾ?" ಎಂದು ಕೇಳಿದರು.

ಖಂಡಿತ ಕೂಡದು ಎಂದೆ. ಏಕೆ ಕೂಡದು ಎಂಬುದು ಎಲ್ಲ ಓದುಗರಿಗೂ ತಿಳಿದಿರಬೇಕಾದ ಸಂಗತಿ.

ಪ್ರತಿಕಾಯ ಎಂದರೇನು?

ಹೊರಗಿನ ರೋಗಾಣು ದೇಹವನ್ನು ಹೊಕ್ಕಾಗ ಬಿಳಿ ರಕ್ತಕಣಗಳಲ್ಲಿ ಒಂದು ವರ್ಗದವು ಅದರ ವಿರುದ್ಧ ವಿಶೇಷ ಪ್ರೋಟೀನುಗಳನ್ನು ತಯಾರಿಸುತ್ತವೆ. ಇವೇ ಪ್ರತಿಕಾಯಗಳು. ಮಕ್ಕಳಿಗೆ ದಡಾರದ ಲಸಿಕೆ ಹಾಕಿಸಿದಾಗ ಕಾಯಿಲೆ ಬರುವ ಮೊದಲೇ ಈ ಪ್ರತಿಕಾಯಗಳು ಸಿದ್ಧವಾಗಿರುತ್ತವೆ. ಆದ್ದರಿಂದ ಪ್ರತಿಕಾಯ ಇದ್ದರೆ ರಕ್ಷಣೆ ಇದೆ ಎಂದು ನಾವು ನಂಬಿದ್ದೇವೆ.

ಎಚ್‌ಐವಿಯ ವಿಷಯದಲ್ಲಿ ಈ ನಂಬಿಕೆ ಸರಿಹೋಗುವುದಿಲ್ಲ. ಸೋಂಕು ತಗಲಿದವರ ರಕ್ತದಲ್ಲಿ ಕೆಲವು ವಾರಗಳಲ್ಲೇ ಪ್ರತಿಕಾಯಗಳು ಕಾಣಿಸಿಕೊಳ್ಳುತ್ತವೆ. ಸಾಮಾನ್ಯ ಎಚ್‌ಐವಿ ರಕ್ತಪರೀಕ್ಷೆಯಲ್ಲಿ ಹುಡುಕುವುದು ಮುಖ್ಯವಾಗಿ ಇವನ್ನೇ. ಅಂದರೆ ಇಲ್ಲಿ ಪ್ರತಿಕಾಯ ಸೋಂಕಿನ ಗುರುತೇ ಹೊರತು ಗುಣವಾದ ಗುರುತಲ್ಲ. ವೈರಸ್ಸಿಗೆ ಬರೀ ಅಂಟಿಕೊಳ್ಳುವ ಪ್ರತಿಕಾಯ ಬೇರೆ, ಅದು ಜೀವಕೋಶದೊಳಗೆ ಹೋಗದಂತೆ ತಡೆಯುವ ಪ್ರತಿಕಾಯ ಬೇರೆ. ಲಸಿಕೆಗೆ ಬೇಕಾದದ್ದು ಎರಡನೆಯದು.

ವೈರಸ್ಸಿನ ಉಪಾಯಗಳು

ಎಚ್‌ಐವಿಯ ಹೊರಮೈಯಲ್ಲಿ ಮುಳ್ಳುಗಳಂಥ ರಚನೆಗಳಿವೆ. ಹಲಸಿನಕಾಯಿಯಂತೆ ಮೈತುಂಬ ಅಲ್ಲ, ಎಣಿಸಿದರೆ ಹತ್ತು ಹದಿನೈದು ಮಾತ್ರ. ನಮ್ಮ ಜೀವಕೋಶಕ್ಕೆ ಅಂಟಿಕೊಳ್ಳುವುದು ಈ ಮುಳ್ಳಿನ 'ಜಿಪಿ 120' ಎಂಬ ಭಾಗದಿಂದ. ಅದರ ಮೇಲೆ ಸಕ್ಕರೆಯ ಅಣುಗಳ ದಟ್ಟ ಹೊದಿಕೆ ಇದೆ. ಆ ಸಕ್ಕರೆ ನಮ್ಮದೇ ಜೀವಕೋಶದಲ್ಲಿ ತಯಾರಾದದ್ದು. ಮನೆಯವರದೇ ಅಂಗಿ ತೊಟ್ಟು ಬಂದ ಕಳ್ಳನನ್ನು ನಾಯಿ ಬೊಗಳದೆ ಬಿಟ್ಟಂತೆ, ನಮ್ಮ ರಕ್ಷಣಾ ವ್ಯವಸ್ಥೆ ಅದನ್ನು ಸುಲಭವಾಗಿ ಗುರುತಿಸಲಾರದು. ಜೊತೆಗೆ ವೈರಸ್ ವೃದ್ಧಿಯಾಗುವಾಗಲೆಲ್ಲ ತನ್ನ ರೂಪವನ್ನು ಸ್ವಲ್ಪ ಬದಲಿಸುತ್ತದೆ. ಇಂದಿನ ಪ್ರತಿಕಾಯ ತಯಾರಾಗುವಷ್ಟರಲ್ಲಿ ಅದು ಬೇರೆ ವೇಷದಲ್ಲಿರುತ್ತದೆ.

ಆದರೂ ಸೋಂಕಿತರಲ್ಲಿ ಕೆಲವರು, ವರ್ಷಗಳು ಕಳೆದ ಮೇಲೆ, ಹಲವು ಬಗೆಯ ಎಚ್‌ಐವಿಗಳನ್ನು ತಡೆಯಬಲ್ಲ ಪ್ರತಿಕಾಯಗಳನ್ನು ತಯಾರಿಸುತ್ತಾರೆ. ಇಂಥವನ್ನು ಆರೋಗ್ಯವಂತರಲ್ಲಿ ಮೊದಲೇ ಉಂಟುಮಾಡುವುದು ವಿಜ್ಞಾನಿಗಳ ಗುರಿ.

ಬೆಂಗಳೂರಿನ ಪ್ರಯತ್ನ

ಈ ದಿಕ್ಕಿನಲ್ಲಿ ನಮ್ಮ ರಾಜ್ಯದಲ್ಲೂ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ರಾಘವನ್ ವರದರಾಜನ್ ಅವರ ತಂಡ, ಇತರ ಸಹಯೋಗಿಗಳೊಂದಿಗೆ, ಜಿಪಿ 120 ಪ್ರೋಟೀನನ್ನು ಹೊಸ ರೀತಿಯಲ್ಲಿ ಜೋಡಿಸಿತು. ಹೂಮಾಲೆಯ ಎರಡು ತುದಿಗಳನ್ನು ಗಂಟು ಹಾಕಿ ಬೇರೊಂದು ಕಡೆ ಕತ್ತರಿಸಿದರೆ ಹೂಗಳು ಅವೇ, ತುದಿಗಳು ಮಾತ್ರ ಬೇರೆ. ಈ ಪ್ರೋಟೀನಿಗೂ ಹಾಗೆಯೇ ಮಾಡಿ, ವೈರಸ್ಸಿನ ಮುಳ್ಳಿನಲ್ಲಿರುವಂತೆ ಮೂರು ಮೂರು ಒಟ್ಟಿಗೆ ನಿಲ್ಲುವ ಹಾಗೆ ಮಾಡಿದರು. 2017ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಗಿನಿಪಿಗ್‌ಗಳಿಗೆ ಮೊದಲು ಡಿಎನ್‌ಎ, ಅನಂತರ ಪ್ರೋಟೀನ್ ಚುಚ್ಚಲಾಯಿತು. ಸುಲಭವಾಗಿ ಮಣಿಯುವ ವೈರಸ್‌ಗಳ ವಿರುದ್ಧ ಬಲವಾದ ಪ್ರತಿಕಾಯಗಳು ಬಂದವು. ಜನರಲ್ಲಿ ಹರಡುವಂಥ ಹಟಮಾರಿ ವೈರಸ್‌ಗಳ ವಿರುದ್ಧವೂ ಬಂದವು, ಆದರೆ ದುರ್ಬಲವಾಗಿ.

ಇದು ಒಳ್ಳೆಯ ಹೆಜ್ಜೆ. ಆದರೆ ಗಿನಿಪಿಗ್‌ಗೆ ಎಚ್‌ಐವಿ ಸೋಂಕು ತಗಲುವುದೇ ಇಲ್ಲ. ಅದರ ರಕ್ತದ ಸೀರಂ ತೆಗೆದು, ಪ್ರಯೋಗಶಾಲೆಯಲ್ಲಿ ವೈರಸ್ ಹಾಗೂ ಜೀವಕೋಶಗಳೊಂದಿಗೆ ಬೆರೆಸಿ, ಎಷ್ಟು ತಡೆ ಉಂಟಾಯಿತೆಂದು ಅಳೆಯುತ್ತಾರೆ. ಹಾಗಾಗಿ "ಪ್ರತಿಕಾಯ ಬಂತು" ಎಂದರೆ "ಪ್ರಾಣಿಗೆ ರೋಗ ತಪ್ಪಿತು" ಎಂದಲ್ಲ.

ಮನುಷ್ಯರಲ್ಲಿ ಏನಾಯಿತು?

ಪ್ರಾಣಿಯಿಂದ ಮನುಷ್ಯನವರೆಗಿನ ದಾರಿಯಲ್ಲಿ ಹಲವು ಲಸಿಕೆಗಳು ಎಡವಿವೆ. ನಮ್ಮ ದೇಶದಲ್ಲೂ 2005ರಲ್ಲಿ ಪುಣೆಯಲ್ಲಿ, 2006ರಲ್ಲಿ ಚೆನ್ನೈಯಲ್ಲಿ ಮೊದಲ ಹಂತದ ಮಾನವ ಪ್ರಯೋಗಗಳು ಆರಂಭವಾದವು. ಥಾಯ್ಲೆಂಡಿನಲ್ಲಿ 16,000ಕ್ಕೂ ಹೆಚ್ಚು ಮಂದಿಯ ಮೇಲೆ ನಡೆದ ಪ್ರಯೋಗದ ಫಲಿತಾಂಶ 2009ರಲ್ಲಿ ಬಂತು. ಸೋಂಕು ಕಡಿಮೆಯಾದದ್ದು ಶೇ. 31ರಷ್ಟು ಮಾತ್ರ. ಅದೇ ಮಾದರಿಯ ಲಸಿಕೆ ದಕ್ಷಿಣ ಆಫ್ರಿಕಾದಲ್ಲಿ ಫಲ ನೀಡದ ಕಾರಣ 2020ರಲ್ಲಿ ಅಲ್ಲಿನ ಪ್ರಯೋಗದಲ್ಲಿ ಚುಚ್ಚುಮದ್ದು ನೀಡುವುದನ್ನು ನಿಲ್ಲಿಸಿದರು. 2022ರಲ್ಲಿ ವರದಿಯಾದ ಇನ್ನೊಂದು ಸಣ್ಣ ಪ್ರಯೋಗದಲ್ಲಿ, ಲಸಿಕೆ ಪಡೆದ 36 ಮಂದಿಯ ಪೈಕಿ 35 ಮಂದಿಯಲ್ಲಿ ಬೇಕಾದ ಪ್ರತಿಕಾಯದ ಮೊಳಕೆಯಂಥ ರಕ್ತಕಣಗಳು ಎಚ್ಚೆತ್ತವು. ಆದರೆ ಮೊಳಕೆ ಕಂಡ ಮಾತ್ರಕ್ಕೆ ಬೆಳೆ ಕೈಗೆ ಬಂದಂತಲ್ಲ.

ನೀವು ಮಾಡಬೇಕಾದದ್ದು

ಇಂಥ ಸುದ್ದಿ ಓದಿದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಪ್ರಯೋಗ ನಡೆದದ್ದು ಪ್ರಾಣಿಯಲ್ಲೋ, ಮನುಷ್ಯರಲ್ಲೋ? ಪ್ರತಿಕಾಯ ವೈರಸ್ಸನ್ನು ತಡೆಯಿತೋ, ಬರೀ ಅಂಟಿಕೊಂಡಿತೋ? ತಡೆದಿದ್ದರೆ ಹಟಮಾರಿ ವೈರಸ್ಸನ್ನೋ, ಸುಲಭದ್ದನ್ನೋ?

ಇನ್ನೊಂದು ಮುಖ್ಯ ಮಾತು. ಈ ಲಸಿಕೆಗಳು ಸೋಂಕಿಲ್ಲದವರನ್ನು ಕಾಪಾಡುವ ಉದ್ದೇಶದವು. ಈಗಾಗಲೇ ಸೋಂಕಿರುವವರಿಗೆ ಆಧಾರ ಎಆರ್‌ಟಿ ಮಾತ್ರೆಗಳೇ. ಮಾತ್ರೆ ಬಿಟ್ಟರೆ ಅಡಗಿ ಕುಳಿತ ವೈರಸ್ ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ತಲೆಯೆತ್ತುತ್ತದೆ. ದಿನವೂ ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ ಪತ್ತೆಯಾಗದಷ್ಟು ಕಡಿಮೆಯಾಗಿ ಹಾಗೆಯೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ಸೋಂಕು ಹರಡುವುದಿಲ್ಲ. 2004ರಿಂದ ಸರಕಾರ ಈ ಮಾತ್ರೆಗಳನ್ನು ಉಚಿತವಾಗಿ ಕೊಡುತ್ತಿದೆ. ನಮ್ಮ ಜಿಲ್ಲೆಯವರು ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯ ಎಆರ್‌ಟಿ ಕೇಂದ್ರದಲ್ಲಿ ವಿಚಾರಿಸಬಹುದು. ಸಂಶಯವಿದ್ದವರಿಗೆ ಸರಕಾರಿ ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ. ನಿಮ್ಮ ವಿಷಯವನ್ನು ಗುಟ್ಟಾಗಿಡುತ್ತಾರೆ, 2017ರ ಎಚ್‌ಐವಿ ಕಾಯಿದೆಯೂ ಅದನ್ನೇ ಹೇಳುತ್ತದೆ. ಮಾಹಿತಿಗೆ 1097ಕ್ಕೆ ಫೋನ್ ಮಾಡಬಹುದು.

ಆ ವ್ಯಕ್ತಿ ಪತ್ರಿಕೆಯ ತುಂಡನ್ನು ಮತ್ತೆ ಮಡಚಿ ಕಿಸೆಗೆ ಹಾಕಿಕೊಂಡರು. ಇಟ್ಟುಕೊಳ್ಳಲಿ, ಆಸೆ ಇರಬೇಕು. ಅದರ ಜೊತೆಗೆ ದಿನದ ಮಾತ್ರೆಯೂ ತಪ್ಪದಿರಲಿ.